ಕಲ್ಯಾಣದಿಂದ ಕಡಲಾಚೆಗೆ ಒಂದು ಬೆಕ್ಕಿನ ಪಯಣ

ಬಸವಕಲ್ಯಾಣದ ಕೋಟೆಗೆ ಸಮೀಪವಿರುವ ನಮ್ಮ ಹಳೆಯ ಮನೆಗೆ ಬೆಳ್ಳಿ ಬಂದು ಸೇರಿದ್ದು 2021ರ ಮಳೆಗಾಲದಲ್ಲಿ. ಹಿತ್ತಲಿನ ಕಟ್ಟಿಗೆಯ ರಾಶಿಯ ಹಿಂದೆ ತಾಯಿಬೆಕ್ಕು ಬಿಟ್ಟುಹೋಗಿದ್ದ ಅಂಗೈಯಗಲದ ಮರಿಯನ್ನು ನಮ್ಮ ಮೊಮ್ಮಗಳು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಒಳಗೆ ತಂದಳು. ಬೂದು ಬಣ್ಣದ ಮೈ, ಕೊರಳ ಸುತ್ತ ಬಿಳಿಯ ಪಟ್ಟಿ. ಬೆಳ್ಳಿಯ ಸರ ಹಾಕಿಕೊಂಡಂತೆ ಕಂಡದ್ದರಿಂದ ಆ ಹೆಸರು. ದೊಡ್ಡ ಪಟ್ಟಣಗಳಲ್ಲಿ ಹಣ ಕೊಟ್ಟು ತರುವ ಜಾತಿಯ ಬೆಕ್ಕಲ್ಲ, ಊರ ಬೆಕ್ಕು. ಕಲ್ಯಾಣದಲ್ಲಿ ಹುಟ್ಟಿದವರ ಜಾತಿಯನ್ನು ಕೇಳುವುದು ಹೇಗೂ ಸಲ್ಲದ ಮಾತು.

2023ರ ಜೂನ್ ತಿಂಗಳಿನಲ್ಲಿ ನಮ್ಮ ಮಗಳು ಮತ್ತು ಅಳಿಯಂದಿರು ಉದ್ಯೋಗ ನಿಮಿತ್ತ ಜರ್ಮನಿಯ ಮ್ಯಾನ್‌ಹೈಮ್ ನಗರಕ್ಕೆ ತೆರಳಿದರು. ಶಾಲೆಯ ವರ್ಷ ಆಗಲೇ ಆರಂಭವಾಗಿತ್ತು. ಅಲ್ಲಿ ವಾಸಕ್ಕೆ ಮನೆ ದೊರೆಯುವುದೂ ಬಾಕಿಯಿತ್ತು. ಆದ್ದರಿಂದ ನಾಲ್ಕನೆಯ ತರಗತಿಯ ಮೊಮ್ಮಗಳನ್ನು ಮುಂದಿನ ಬೇಸಿಗೆಯವರೆಗೆ ನಮ್ಮಲ್ಲಿಯೇ ಉಳಿಸಿಕೊಳ್ಳುವುದೆಂದು ಹಿರಿಯರೆಲ್ಲ ಕೂಡಿ ನಿಶ್ಚಯಿಸಿದೆವು. ಮಗುವನ್ನು ಮಾತ್ರ ಯಾರೂ ಕೇಳಲಿಲ್ಲ. ತಾಯಿ ಹೋದ ಮೇಲೆ ಅವಳು ಅಳಲಿಲ್ಲ. ಮಾತು ಕಡಿಮೆ ಮಾಡಿದಳು. ಸಂಜೆ ಫೋನಿನಲ್ಲಿ ತಾಯಿ ಕಾಣಿಸಿಕೊಂಡರೆ ಎರಡು ಮಾತು ಆಡಿ ಎದ್ದು ಮಾಳಿಗೆಗೆ ಹೋಗಿಬಿಡುವಳು. ಅಲ್ಲಿ ಬೆಳ್ಳಿಯೊಡನೆ ಅವಳು ಗಂಟೆಗಟ್ಟಲೆ ಮಾತನಾಡುತ್ತಿದ್ದುದನ್ನು ನಾವು ಮೆಟ್ಟಿಲ ಕೆಳಗೆ ನಿಂತು ಕೇಳಿದ್ದೇವೆ. ಅಕ್ಟೋಬರಿನಲ್ಲಿ, ಮೇ ತಿಂಗಳಿಗೆ ಟಿಕೆಟ್ ತೆಗೆಸುವ ಮಾತು ಬಂದಾಗ, ಅವಳು ನಮ್ಮ ಮುಂದೆ ಬಂದು ನಿಂತು, “ಮುತ್ಯಾ, ಬೆಳ್ಳಿಗಿ ಬಿಟ್ಟು ನಾ ಬರಂಗಿಲ್ಲ” ಎಂದಳು. ನಾವು ನಕ್ಕೆವು. ನಕ್ಕದ್ದು ತಪ್ಪೆಂದು ಆ ರಾತ್ರಿ ಅವಳು ಊಟ ಬಿಟ್ಟಾಗ ತಿಳಿಯಿತು.

ಬೆಕ್ಕನ್ನು ವಿಮಾನದಲ್ಲಿ ಒಯ್ಯಬಹುದೆಂಬುದೇ ನಮಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ವಿಚಾರಿಸಿದಂತೆಲ್ಲ ಒಂದೊಂದು ದೇಶದ್ದು ಒಂದೊಂದು ರೀತಿಯೆಂದು ತಿಳಿದುಬಂತು. ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳಿಗೆ ಹೋಗುವ ಬೆಕ್ಕು ಪ್ರಯಾಣಿಕರ ಜೊತೆಗೆ ಕೂಡಲು ಬಾರದು. ಸರಕಿನ ಅಂಕಣದಲ್ಲಿಯೇ ಹೋಗಬೇಕು. ಆ ಅಂಕಣದಲ್ಲಿಯೂ ಗಾಳಿಯ ಒತ್ತಡ ಮತ್ತು ಉಷ್ಣತೆಯನ್ನು ಕಾಯ್ದಿಡುತ್ತಾರೆಂಬುದು ನಿಜ. ಆದರೆ ಮೂಗು ಚಪ್ಪಟೆಯಾಗಿರುವ ಪರ್ಶಿಯನ್ ಬೆಕ್ಕುಗಳಿಗೆ ಅಲ್ಲಿ ಉಸಿರಾಟದ ಅಪಾಯ ಹೆಚ್ಚು. ಯೂರೋಪಿನ ಅನೇಕ ವಿಮಾನಗಳಲ್ಲಿ, ಚೀಲವೂ ಸೇರಿ 8 ಕಿಲೋ ಮೀರದ ಬೆಕ್ಕನ್ನು ಮುಂದಿನ ಆಸನದ ಕೆಳಗಿಟ್ಟುಕೊಂಡು ಹೋಗಲು ಅಪ್ಪಣೆಯುಂಟು. ಒಂದು ವಿಮಾನದಲ್ಲಿ ಇಷ್ಟೇ ಪ್ರಾಣಿಗಳೆಂಬ ಮಿತಿಯಿರುವುದರಿಂದ ಮೊದಲೇ ಹೇಳಿ ಸ್ಥಳ ಕಾಯ್ದಿರಿಸಬೇಕು. ಕೊಲ್ಲಿ ರಾಷ್ಟ್ರಗಳ ಕೆಲವು ವಿಮಾನಗಳಲ್ಲಂತೂ ಬೇಟೆಯ ಡೇಗೆ ಹಕ್ಕಿಯನ್ನು ಪ್ರಯಾಣಿಕರ ನಡುವೆಯೇ ಒಯ್ಯಬಹುದು. ಇದನ್ನು ಓದಿದಾಗ ನಮಗೆ ನಮ್ಮೂರಿನ ದೊರೆಯ ನೆನಪಾಯಿತು. ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಆನೆ, ಕುದುರೆ, ಬೇಟೆನಾಯಿ, ಡೇಗೆಗಳ ವಿಷಯವೆಲ್ಲ ಇದೆ. ಭೂಲೋಕಮಲ್ಲನ ಡೇಗೆಗೆ ಇಂದು ಆಸನ ಸಿಕ್ಕೀತು. ನಮ್ಮ ಬೆಳ್ಳಿಗೆ ಆಸನದ ಕೆಳಗಿನ ಜಾಗಕ್ಕೇ ಏಳು ತಿಂಗಳ ಓಡಾಟ!

ಓಡಾಟಕ್ಕೆ ಕಾರಣ ಹುಚ್ಚುನಾಯಿ ರೋಗ, ಅಂದರೆ ರೇಬೀಸ್. ಈ ರೋಗದಿಂದ ಜಗತ್ತಿನಲ್ಲಿ ಸಾಯುವವರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ ನಮ್ಮ ದೇಶದವರೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೀಗಾಗಿ ಇಲ್ಲಿಂದ ಹೋಗುವ ನಾಯಿ ಬೆಕ್ಕುಗಳನ್ನು ಐರೋಪ್ಯ ಒಕ್ಕೂಟದವರು ಸಂಶಯದಿಂದಲೇ ನೋಡುತ್ತಾರೆ. ಅದರಲ್ಲಿ ಅನ್ಯಾಯವೇನೂ ನಮಗೆ ಕಾಣಲಿಲ್ಲ. ಮೊದಲು ಪ್ರಾಣಿಯ ಚರ್ಮದಡಿ ಅಕ್ಕಿಕಾಳಿನಷ್ಟು ಗಾತ್ರದ ಮೈಕ್ರೋಚಿಪ್ ಸೇರಿಸಬೇಕು. ಅದರಲ್ಲಿ 15 ಅಂಕಿಗಳ ಒಂದು ಸಂಖ್ಯೆಯಿರುತ್ತದೆ. ಒಳಗೆ ಬ್ಯಾಟರಿ ಇಲ್ಲ, ಓದುವ ಯಂತ್ರವನ್ನು ಹತ್ತಿರ ಹಿಡಿದಾಗಷ್ಟೇ ಸಂಖ್ಯೆ ಕಾಣುತ್ತದೆ. ಅದರ ನಂತರ ರೇಬೀಸ್ ಲಸಿಕೆ. ಲಸಿಕೆಯಾಗಿ ಕನಿಷ್ಠ 30 ದಿನಗಳ ಮೇಲೆ ರಕ್ತ ತೆಗೆದು, ಒಕ್ಕೂಟ ಒಪ್ಪಿದ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ರೋಗನಿರೋಧಕ ಶಕ್ತಿಯ ಅಳತೆ ಒಂದು ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕಕ್ಕಿಂತ ಕಡಿಮೆಯಿರಕೂಡದು. ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯಬೇಕು.

ನಾವು ಇಲ್ಲಿ ಎಡವಿದೆವು. ನವೆಂಬರಿನಲ್ಲಿ ಒಬ್ಬ ವೈದ್ಯರಲ್ಲಿ ಲಸಿಕೆ ಹಾಕಿಸಿ, ಚಿಪ್ ಆಮೇಲೆ ನೋಡೋಣವೆಂದು ಮನೆಗೆ ಬಂದೆವು. ಚಿಪ್ಪಿಗೆ ಮೊದಲು ಹಾಕಿದ ಲಸಿಕೆ ಲೆಕ್ಕಕ್ಕೆ ಬಾರದೆಂದು ತಿಳಿದದ್ದು ಹದಿನೈದು ದಿನಗಳ ನಂತರ. ಚಿಪ್ ಇಲ್ಲದ ಬೆಕ್ಕಿಗೆ ಹಾಕಿದ ಲಸಿಕೆ ಯಾವ ಬೆಕ್ಕಿಗೆ ಹಾಕಿದ್ದೆಂದು ಯಾರು ಹೇಳಬೇಕು? ಬೀದರ ನಗರದ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. 2004ರಲ್ಲಿ ಸ್ಥಾಪನೆಯಾದ ಅದು ನಮ್ಮ ಜಿಲ್ಲೆಯ ಹೆಮ್ಮೆ. ಮೊದಲೇ ಅಲ್ಲಿಗೆ ಹೋಗಿದ್ದರೆ ಇಷ್ಟಾಗುತ್ತಿರಲಿಲ್ಲ. ಡಿಸೆಂಬರಿನಲ್ಲಿ ಬೀದರದಲ್ಲಿ ಚಿಪ್ ಮತ್ತು ಲಸಿಕೆ ಎರಡನ್ನೂ ಕ್ರಮವಾಗಿ ಹಾಕಿಸಿ, 2024ರ ಜನವರಿಯ ನಡುವೆ ರಕ್ತ ಕಳುಹಿಸಿದೆವು. ಫಲಿತಾಂಶ ಬರುವವರೆಗಿನ ದಿನಗಳು ಕಠಿಣವಾಗಿದ್ದವು. ಅಳತೆ ಕಡಿಮೆ ಬಂದರೆ ಮತ್ತೆ ಲಸಿಕೆ, ಮತ್ತೆ ರಕ್ತ, ಮತ್ತೆ ಮೂರು ತಿಂಗಳು. ಮೇ ತಿಂಗಳ ಟಿಕೆಟ್ ವ್ಯರ್ಥ. ಮಗು ದಿನಾಲು ಶಾಲೆಯಿಂದ ಬಂದೊಡನೆ, “ಬೆಳ್ಳಿ ಪಾಸಾತೇನು?” ಎಂದು ಕೇಳುವಳು. ಬೆಳ್ಳಿ ಪಾಸಾದ ದಿನ ಅವಳು ತಾನಾಗಿ ತಾಯಿಗೆ ಫೋನ್ ಮಾಡಿ ಅರ್ಧ ಗಂಟೆ ಮಾತನಾಡಿದಳು.

ಇನ್ನೊಂದು ಸಂಕಟವನ್ನು ಇಲ್ಲಿ ಮುಚ್ಚಿಡದೆ ಹೇಳಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಇದು ಬಂದೇ ಬರುತ್ತದೆ. ನಮ್ಮದು ಶುದ್ಧ ಸಸ್ಯಾಹಾರದ ಅಡುಗೆಮನೆ. ಬೆಳ್ಳಿಗೆ ನಾವು ಹಾಕುತ್ತಿದ್ದುದು ಹಾಲು, ರೊಟ್ಟಿ, ಒಮ್ಮೊಮ್ಮೆ ತುಪ್ಪದ ಅನ್ನ; ಉಳಿದುದನ್ನು ಅದು ಹಿತ್ತಲಿನಲ್ಲಿ, ಮಾಳಿಗೆಯಲ್ಲಿ ತಾನೇ ಹುಡುಕಿಕೊಳ್ಳುತ್ತಿತ್ತು. ಅದನ್ನು ನಾವು ನೋಡಿಯೂ ನೋಡದಂತಿದ್ದೆವು. ಬೀದರದ ವೈದ್ಯರು ಸ್ಪಷ್ಟವಾಗಿ ಹೇಳಿದರು: ಬೆಕ್ಕಿನ ದೇಹಕ್ಕೆ ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ಬೇಕೇಬೇಕು, ಸಿಗದಿದ್ದರೆ ಕಣ್ಣು ಹೋಗಬಹುದು, ಹೃದಯ ದುರ್ಬಲವಾಗಬಹುದು. ಮೂರನೆಯ ಅಂತಸ್ತಿನ ಮನೆಯಲ್ಲಿ ಇಲಿ ಎಲ್ಲಿಂದ ಬರಬೇಕು? ಡಬ್ಬಿಯ ಆಹಾರ ಕೊಡಲೇಬೇಕು, ಈಗಿನಿಂದಲೇ ರೂಢಿ ಮಾಡಿಸಿ ಎಂದರು. ನಮ್ಮ ಶ್ರೀಮತಿಯವರು ಮೀನಿನ ಚಿತ್ರವಿದ್ದ ಆ ಡಬ್ಬಿಯನ್ನು ಹೊಸ್ತಿಲೊಳಗೆ ತರಗೊಡಲಿಲ್ಲ. ನಾವೂ ಅವರ ಪರವೇ ಇದ್ದೆವು. ಕೊನೆಗೆ ಹಿತ್ತಲಿನ ಮೂಲೆಯಲ್ಲಿ ಬೇರೆ ತಟ್ಟೆ, ಬೇರೆ ಚಮಚ. ಹಾಕುವ ಕೆಲಸ ಮೊಮ್ಮಗಳದು ಎಂದು ಒಪ್ಪಂದವಾಯಿತು. ಬೆಳ್ಳಿಗೆ ಮಾತ್ರ ಆ ಡಬ್ಬಿ ಸೇರಲಿಲ್ಲ. ಮೂಸಿ ನೋಡಿ ಅಡುಗೆಮನೆಯ ಬಾಗಿಲಿಗೆ ಬಂದು ರೊಟ್ಟಿಗಾಗಿ ಕೂಗುತ್ತಿತ್ತು. ಶ್ರೀಮತಿಯವರಿಗೆ ಇದರಿಂದ ಒಳಗೊಳಗೆ ಸಂತೋಷವೇ ಆಗಿತ್ತೆಂದು ನಮ್ಮ ಅನುಮಾನ.

ಹತ್ತು ಗಂಟೆ ಚೀಲದೊಳಗೆ ಸುಮ್ಮನಿರಲು ಮಾಳಿಗೆ ಮಾಳಿಗೆ ಜಿಗಿದು ಬೆಳೆದ ಬೆಕ್ಕಿಗೆ ಕಲಿಸುವುದು ಹೇಗೆ? ಮೊದಲು ಒಂದು ತಿಂಗಳು ಜಾಳಿಗೆಯ ಕಿಟಕಿಗಳಿದ್ದ ಮೆತ್ತನೆಯ ಚೀಲವನ್ನು ಪಡಸಾಲೆಯಲ್ಲಿ ಬಾಯಿ ತೆರೆದು ಇಟ್ಟೆವು. ಅದರೊಳಗೆ ಮಗುವಿನ ಹಳೆಯ ಲಂಗ. ಬೆಳ್ಳಿ ತಾನಾಗಿಯೇ ಹೋಗಿ ಮಲಗತೊಡಗಿದ ಮೇಲೆ ಪ್ರತಿ ಭಾನುವಾರ ಬಸ್ಸಿನ ಪ್ರಯಾಣ ಆರಂಭಿಸಿದೆವು. ಬಸವಕಲ್ಯಾಣದಿಂದ ಹುಮನಾಬಾದಕ್ಕೆ ಸುಮಾರು 30 ಕಿ.ಮೀ. ಸಸ್ತಾಪುರ ಬಂಗ್ಲಾದವರೆಗೆ ಊರ ರಸ್ತೆ. ಅಲ್ಲಿಂದ ಪುಣೆ–ಹೈದರಾಬಾದ್ ಹೆದ್ದಾರಿ. ಹುಮನಾಬಾದದಲ್ಲಿ ಶ್ರೀಮತಿಯವರ ಅಕ್ಕನವರ ಮನೆಯಿದೆ. ಮಧ್ಯಾಹ್ನದ ಊಟ ಅಲ್ಲಿ, ಸಂಜೆ ಮರಳಿ ಬರುವುದು.

ಮೊದಲ ಭಾನುವಾರ ನಡೆದುದು ನೆನಪಿದೆ. ಬಸ್ಸು ಹೊರಟೊಡನೆ ಚೀಲದಿಂದ ಎದ್ದ ಕೂಗಿಗೆ ಕಂಡಕ್ಟರ್ ಹಿಂದಿರುಗಿ ನೋಡಿದರು. “ಸರ್, ಚೀಲದಾಗ ಏನದರಿ?” “ಬೆಕ್ಕದ್ರಿ.” “ಮತ್ತ ಅದಕ್ಕ ಅರ್ಧ ಟಿಕೆಟ್ ಆಗ್ತದ ನೋಡ್ರಿ.” ನಮ್ಮ ಶ್ರೀಮತಿಯವರಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್, ಮೊಮ್ಮಗಳಿಗೂ ಅದೇ. ಬೆಳ್ಳಿಯೂ ಹೆಣ್ಣೇ ಅಲ್ಲವೇ ಎಂದು ಮಗು ವಾದಿಸಿದಾಗ ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರರೂ ನಕ್ಕರು, ಆದರೆ ಟಿಕೆಟ್ ಬಿಡಲಿಲ್ಲ. ಆ ದಿನ ಬೆಳ್ಳಿ ರಾಜೇಶ್ವರ ದಾಟುವವರೆಗೂ ಕೂಗಿತು. ಮೂರನೆಯ ವಾರ ಸಸ್ತಾಪುರದವರೆಗೆ ಮಾತ್ರ. ಐದನೆಯ ವಾರ ಕೂಗಲೇ ಇಲ್ಲ.

ಹುಮನಾಬಾದವನ್ನು ಇದಕ್ಕೆಂದೇ ಆರಿಸಿದಂತೆ ಆಯಿತು. ಪುಣೆ–ಹೈದರಾಬಾದ್ ಹೆದ್ದಾರಿಯೂ ಬೀದರ–ಕಲಬುರಗಿ ರಸ್ತೆಯೂ ಕೂಡುವ ಊರದು. ಲಾರಿಗಳ ಹಾರ್ನು, ಬಸ್ ನಿಲ್ದಾಣದ ಗದ್ದಲ, ಹೊತ್ತು ಹೊತ್ತಿಗೆ ಧ್ವನಿವರ್ಧಕ. ಬೆಕ್ಕಿಗೆ ಭಯ ಹುಟ್ಟಿಸುವುದು ಗದ್ದಲಕ್ಕಿಂತ ಹೊಸತು ಎಂಬುದನ್ನು ನಾವು ಅಲ್ಲಿ ಕಂಡುಕೊಂಡೆವು. ಅದೇ ಗದ್ದಲ ಮೂರು ಬಾರಿ ಕಿವಿಗೆ ಬಿದ್ದರೆ ಅದು ಮನೆಯ ಗದ್ದಲವಾಗಿಬಿಡುತ್ತದೆ. ಒಂದು ಭಾನುವಾರ ಮಾಣಿಕನಗರಕ್ಕೂ ಹೋಗಿ, ಮಾಣಿಕಪ್ರಭುಗಳ ಗುಡಿಯ ಹೊರಗೆ ಮರದ ನೆರಳಿನಲ್ಲಿ ಚೀಲವಿಟ್ಟುಕೊಂಡು ಸರದಿಯಂತೆ ಒಳಗೆ ಹೋಗಿ ಬಂದೆವು. ಹೋಗಿಬರುವವರು ಬಾಗಿ ಜಾಳಿಗೆಯಲ್ಲಿ ಇಣುಕುತ್ತಿದ್ದರು. ಒಬ್ಬ ಹಿರಿಯರು ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳಿ, ಜರ್ಮನಿಗೆ ಎಂದೊಡನೆ, “ಅಲ್ಲಿ ಇಲಿ ಬಾಳ ಆಗ್ಯಾವೇನು?” ಎಂದರು.

ಬಂಧುವೊಬ್ಬರು ನಿದ್ರೆಯ ಮಾತ್ರೆ ಕೊಟ್ಟು ಮಲಗಿಸಿ ಒಯ್ಯಿರೆಂದು ಸಲಹೆಯಿತ್ತಿದ್ದರು. ವೈದ್ಯರು ಒಪ್ಪಲಿಲ್ಲ. ಹಾರುವ ವಿಮಾನದ ಒಳಗಿನ ಗಾಳಿ ಆರೇಳು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಯಷ್ಟು ತೆಳುವಾಗಿರುತ್ತದೆ. ಮಂಪರಿನಲ್ಲಿರುವ ಪ್ರಾಣಿಗೆ ರಕ್ತದೊತ್ತಡ ಕುಸಿದು ಉಸಿರಾಟ ಕೆಡಬಹುದಂತೆ. ಆರು ತಾಸು ಮೊದಲು ಆಹಾರ ನಿಲ್ಲಿಸಿ, ನೀರು ಮಾತ್ರ ಕೊಡಿ, ಸಾಕು ಎಂದರು.

ಕೊನೆಯ ಹತ್ತು ದಿನಗಳು ಕಾಗದದ ದಿನಗಳು. ಐರೋಪ್ಯ ಒಕ್ಕೂಟದ ನಮೂನೆಯ ಆರೋಗ್ಯ ಪ್ರಮಾಣಪತ್ರಕ್ಕೆ ಸರ್ಕಾರಿ ಪಶುವೈದ್ಯರ ರುಜು ಬೇಕು, ಆ ರುಜುವಾದ ಹತ್ತು ದಿನಗಳೊಳಗೆ ಪ್ರಾಣಿ ಅಲ್ಲಿ ಇಳಿಯಬೇಕು. ಇದಕ್ಕಾಗಿ ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಪ್ರಾಣಿ ಸಂಗರೋಧ ಕಚೇರಿಗೆ ಹೋಗಿಬಂದೆವು. ಹೊರದೇಶದಿಂದ ಬೆಕ್ಕನ್ನು ಊರಿಗೆ ತರುವವರಿಗೂ ಇದೇ ಇಲಾಖೆಯ ನಿರಾಕ್ಷೇಪಣಾ ಪತ್ರ ಮುಂಚಿತವಾಗಿ ಬೇಕು. 2022ರಲ್ಲಿ ಯುಕ್ರೇನ್ ಯುದ್ಧಭೂಮಿಯಿಂದ ನಮ್ಮ ವಿದ್ಯಾರ್ಥಿಗಳು ನಾಯಿ ಬೆಕ್ಕುಗಳನ್ನು ಅಪ್ಪಿಕೊಂಡು ಬಂದಾಗ ಮಾತ್ರ ಕೇಂದ್ರ ಸರ್ಕಾರ ಒಂದು ಬಾರಿಗೆಂದು ಈ ನಿಯಮಗಳನ್ನು ಸಡಿಲಿಸಿತ್ತು. ಬಾಂಬಿನ ಮಳೆಯಲ್ಲಿ ಬೆಕ್ಕೇಕೆ ಎಂದು ಆಗ ಪತ್ರಿಕೆ ಓದುತ್ತ ನಾವೇ ಅಂದಿದ್ದೆವು.

ಮೇ ಮೊದಲ ವಾರದ ಒಂದು ಸಂಜೆ ಬಾಡಿಗೆಯ ಕಾರಿನಲ್ಲಿ ಹೊರಟೆವು. ಕಲ್ಯಾಣದ ಬಿಸಿಲು ಇಳಿಯಲೆಂದೇ ರಾತ್ರಿಯ ವಿಮಾನ ಆರಿಸಿದ್ದೆವು. ಹೈದರಾಬಾದಿನಿಂದ ಫ್ರಾಂಕ್‌ಫರ್ಟಿಗೆ ನೇರ ವಿಮಾನ ಆ ವರ್ಷದ ಜನವರಿಯಲ್ಲಷ್ಟೇ ಆರಂಭವಾಗಿದ್ದುದು ನಮ್ಮ ಭಾಗ್ಯ. ಇಲ್ಲದಿದ್ದರೆ ನಡುವೆ ಇನ್ನೊಂದು ವಿಮಾನ ಬದಲಿಸಬೇಕಿತ್ತು. ಹೊರಡುವಾಗ ಬೆಕ್ಕು ಅಡ್ಡ ಬಂದೀತೆಂದು ಅಂಜುವವರು ಇನ್ನೂ ಇದ್ದಾರೆ. ಶಕುನ ನೋಡಬಾರದೆಂದು ಶರಣರು ಹೇಳಿಹೋದ ಊರಿನಲ್ಲೂ ಇದ್ದಾರೆ. ಪಕ್ಕದ ಮನೆಯವರು, “ಬೆಕ್ಕೇ ಜೋಡಿ ಹೊಂಟದ, ಇನ್ನ ಅಡ್ಡ ಬರಲಿಕ್ಕೆ ಯಾವುದು ಉಳೀತು?” ಎಂದು ನಗಿಸಿ ಕಳುಹಿಸಿದರು. ಅವರು ಮಗಳಿಗೆಂದು ತಂದಿದ್ದ ಪೇಡೆಯನ್ನು ಒಯ್ಯಲಾಗಲಿಲ್ಲ, ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವುದಕ್ಕೆ ಅಲ್ಲಿ ನಿಷೇಧವಿದೆ. ಕಟಕ ರೊಟ್ಟಿಗೆ ಮತ್ತು ಶೇಂಗಾ ಹಿಂಡಿಗೆ ತೊಂದರೆಯಿಲ್ಲ. ಹುಮನಾಬಾದದಲ್ಲಿ ಅಕ್ಕನವರ ಮನೆಯ ಮುಂದೆ ಐದು ನಿಮಿಷ ನಿಂತು, ಜಹೀರಾಬಾದ್, ಸಂಗಾರೆಡ್ಡಿ ದಾಟಿ, ವರ್ತುಲ ರಸ್ತೆ ಹಿಡಿದು ಶಂಷಾಬಾದ್ ಮುಟ್ಟುವಾಗ ರಾತ್ರಿ ಹತ್ತಾಗಿತ್ತು.

ನಿಲ್ದಾಣದಲ್ಲಿ ಚೀಟಿ ಕೊಡುವ ಕಿಟಕಿಯ ಯುವಕ ನಮ್ಮ ಕಾಗದಗಳನ್ನು ನೋಡಿ, ಈ ಟಿಕೆಟ್ಟಿನ ಜೊತೆ ಬೆಕ್ಕಿನ ನಮೂದೇ ಇಲ್ಲ ಎಂದರು. ತಿಂಗಳ ಹಿಂದೆಯೇ ಫೋನಿನಲ್ಲಿ ಸ್ಥಳ ಕಾಯ್ದಿರಿಸಿದ್ದೆವು. ಆದರೆ ಕಾಗದದ ಮೇಲೆ ನಾವು ಏನನ್ನೂ ಬರೆಸಿಕೊಂಡಿರಲಿಲ್ಲ. ಬೆಕ್ಕನ್ನು ಯಾರೊಡನಾದರೂ ಮನೆಗೆ ಕಳುಹಿಸಿರೆಂದು ಅವರು ಸಹಜವಾಗಿಯೇ ಹೇಳಿದರು. ಕಾರು ಆಗಲೇ ಹೊರಟುಹೋಗಿತ್ತು. ಮೊಮ್ಮಗಳು ಚೀಲದ ಪಕ್ಕ ನೆಲದ ಮೇಲೆ ಕುಳಿತಳು, ಅಳಲಿಲ್ಲ, ಮಾತನಾಡಲಿಲ್ಲ. ಹಿಂದಿನ ವರ್ಷ ಜೂನ್‌ನಲ್ಲಿ ತಾಯಿಯ ಕಾರು ಹೊರಟಾಗ ಹೊಸ್ತಿಲ ಮೇಲೆ ಕುಳಿತಿದ್ದಂತೆಯೇ ಕುಳಿತಿದ್ದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬೇಕಾದರೆ ನಾವೊಬ್ಬರು ಬೆಕ್ಕಿನೊಡನೆ ಹಿಂದುಳಿಯುತ್ತೇವೆಂದು ಮನಸ್ಸಿನಲ್ಲಿಯೇ ಗಟ್ಟಿ ಮಾಡಿಕೊಂಡಿದ್ದೆವು. ನಲವತ್ತು ನಿಮಿಷಗಳ ನಂತರ ಮೇಲಧಿಕಾರಿಯೊಬ್ಬರು ಬಂದು ಗಣಕಯಂತ್ರದ ಇನ್ನೊಂದು ಪುಟದಲ್ಲಿ ನಮೂದನ್ನು ಹುಡುಕಿ ತೆಗೆದರು. ಚೀಲ ತೂಗಿದರು: ಒಟ್ಟು 5 ಕಿಲೋ 200 ಗ್ರಾಂ. ಬೆಕ್ಕಿನ ಶುಲ್ಕ ಕಟ್ಟಿದ್ದಕ್ಕೆ ರಸೀದಿ ಕೊಟ್ಟರು. ಓದುಗ ಬಂಧುಗಳು ಇಂಥ ಪ್ರಯಾಣ ಕೈಗೊಂಡರೆ ವಿಮಾನ ಸಂಸ್ಥೆಯ ಒಪ್ಪಿಗೆಯನ್ನು ದಯವಿಟ್ಟು ಬರವಣಿಗೆಯಲ್ಲಿ ಪಡೆಯಿರಿ.

ಭದ್ರತಾ ತಪಾಸಣೆಯಲ್ಲಿ ಖಾಲಿ ಚೀಲ ಮಾತ್ರ ಯಂತ್ರದೊಳಗೆ ಹೋಗಬೇಕು. ಬೆಕ್ಕನ್ನು ಕೈಯಲ್ಲಿ ಹಿಡಿದು ಬಾಗಿಲಿನ ಮೂಲಕ ನಡೆಯಬೇಕು. ಇಲ್ಲಿ ಬೆಕ್ಕು ಜಿಗಿದರೆ ಇಡೀ ನಿಲ್ದಾಣದಲ್ಲಿ ಹುಡುಕಬೇಕಾದೀತು. ಮೈಗೆ ಪಟ್ಟಿ ಬಿಗಿದು, ಶ್ರೀಮತಿಯವರು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡರು. ಮಹಿಳಾ ಸಿಬ್ಬಂದಿ ಅವರ ಕೊರಳಿನ ಕರಡಿಗೆಯನ್ನು ನೋಡಿ ಏನೆಂದು ಕೇಳಿ ತಿಳಿದು, ಗೌರವದಿಂದ ಕೈಯಿಂದಲೇ ಪರೀಕ್ಷಿಸಿದರು. ಬೆಳ್ಳಿಯ ತಲೆಯನ್ನೂ ಒಮ್ಮೆ ಸವರಿದರು.

ವಿಮಾನದಲ್ಲಿ ಹೇಳಿಕೊಳ್ಳುವಂಥದು ಹೆಚ್ಚೇನೂ ನಡೆಯಲಿಲ್ಲ. ಏರುವಾಗ ಒಂದು ಸಲ, ಇಳಿಯುವಾಗ ನಾಲ್ಕಾರು ಸಲ ಕೂಗಿತು. ಕಿವಿ ಕಟ್ಟುವುದು ನಮಗಾದಂತೆಯೇ ಅದಕ್ಕೂ. ಪಕ್ಕದ ಆಸನದವರು ತಮಗೆ ಬೆಕ್ಕಿನ ಸೋಂಕಿನಿಂದ ಕಣ್ಣುರಿ, ಸೀನು ಬರುತ್ತದೆಂದು ಪರಿಚಾರಿಕೆಗೆ ಹೇಳಿ ಬೇರೆಡೆ ಹೋದರು. ಅವರನ್ನು ತಪ್ಪೆನ್ನಲಾಗದು, ಬೆಕ್ಕಿನ ಜೊಲ್ಲು ಮತ್ತು ಚರ್ಮದಲ್ಲಿರುವ ಒಂದು ಬಗೆಯ ಪ್ರೋಟೀನು ಅನೇಕರಿಗೆ ಒಗ್ಗದು. ಚೀಲ ತೆರೆಯಬಾರದೆಂಬ ನಿಯಮವನ್ನು ಪಾಲಿಸಿದೆವು. ಮಗು ಮಾತ್ರ ಒಂದು ಕಾಲಿನ ಹೆಬ್ಬೆರಳನ್ನು ಜಾಳಿಗೆಗೆ ತಾಗಿಸಿಕೊಂಡೇ ರಾತ್ರಿಯೆಲ್ಲ ಮಲಗಿದಳು.

ಫ್ರಾಂಕ್‌ಫರ್ಟಿನಲ್ಲಿ ಕೆಂಪು ದಾರಿಯಲ್ಲಿ ಹೋಗಿ ನಾವೇ ಬೆಕ್ಕಿದೆಯೆಂದು ಹೇಳಬೇಕು. ಯಂತ್ರವನ್ನು ಬೆನ್ನಿನ ಮೇಲೆ ಹಿಡಿದರು, 15 ಅಂಕಿ ಬಂದವು, ಕಾಗದದೊಡನೆ ತಾಳೆ ನೋಡಿದರು, ಮುದ್ರೆ ಒತ್ತಿದರು. ಏಳು ತಿಂಗಳ ಕೆಲಸ ಏಳು ನಿಮಿಷದಲ್ಲಿ ಮುಗಿಯಿತು. ಹೊರಗೆ ಮಗಳು ನಿಂತಿದ್ದಳು. ಆ ಗಳಿಗೆಯನ್ನು ಬರೆಯುವುದು ಬೇಡ. ಮ್ಯಾನ್‌ಹೈಮಿನ ರೈಲು ಹತ್ತಿದಾಗ ಅಳಿಯಂದಿರು, ಚೀಲದಲ್ಲಿರುವ ಬೆಕ್ಕಿಗೆ ಇಲ್ಲಿ ಟಿಕೆಟ್ ಇಲ್ಲವೆಂದರು. ಹುಮನಾಬಾದದ ಬಸ್ಸಿನಲ್ಲಿ ತಾನು ಗೆಲ್ಲದ ವಾದವನ್ನು ಜರ್ಮನರು ಒಪ್ಪಿದರೆಂದು ಮೊಮ್ಮಗಳು ಬೀಗಿದಳು.

ಮನೆ ಸೇರಿದ ಬೆಳ್ಳಿ ಕಪಾಟಿನ ಕೆಳಗೆ ಹೊಕ್ಕಿತು. ಎರಡು ದಿನ ಹೊರಗೆ ಬರಲಿಲ್ಲ, ತಿನ್ನಲಿಲ್ಲ. ಬೆಕ್ಕು ಹಲವು ದಿನ ಉಪವಾಸ ಬಿದ್ದರೆ ಯಕೃತ್ತಿಗೆ ಕೊಬ್ಬು ತುಂಬಿ ಜೀವಕ್ಕೇ ಅಪಾಯವೆಂದು ವೈದ್ಯರು ಎಚ್ಚರಿಸಿದ್ದರು. ಮಗಳು ತಂದಿಟ್ಟ ಡಬ್ಬಿಗಳು ಹಾಗೆಯೇ ಇದ್ದವು. ಇಷ್ಟು ದೂರ ತಂದು ಕೊಲ್ಲುತ್ತಿದ್ದೇವೆಯೇ ಎಂಬ ಪ್ರಶ್ನೆ ಆ ಎರಡು ರಾತ್ರಿ ನಮ್ಮನ್ನು ಬಿಡಲಿಲ್ಲ. ಮಾಳಿಗೆ, ಹಿತ್ತಲು, ಕೋಟೆಯ ಗೋಡೆ ಇದ್ದ ಜೀವಿಗೆ ಮೂರು ಕೋಣೆಗಳು ಸಾಕೇ? ಈ ಪ್ರಶ್ನೆಗೆ ಇಂದಿಗೂ ನಮ್ಮಲ್ಲಿ ಪೂರ್ಣ ಉತ್ತರವಿಲ್ಲ. ಮೂರನೆಯ ಬೆಳಗು ನಾವು ಎದ್ದು ನೋಡಿದರೆ ಅಡುಗೆಮನೆಯಲ್ಲಿ ಶ್ರೀಮತಿಯವರು ಮೂಗಿಗೆ ಸೆರಗು ಕಟ್ಟಿಕೊಂಡು, ಮೀನಿನ ಡಬ್ಬಿಯನ್ನು ತಾವೇ ತೆರೆದು, ಅದರಲ್ಲಿ ಕಟಕ ರೊಟ್ಟಿಯನ್ನು ಪುಡಿಮಾಡಿ ಬೆರಳಿನಿಂದ ಕಲಸುತ್ತಿದ್ದರು. ನಾವು ಮಾತನಾಡಲಿಲ್ಲ. ತಟ್ಟೆಯನ್ನು ಕಪಾಟಿನ ಬಳಿ ಸರಿಸಿ ಹೊರಬಂದೆವು. ಜೋಳದ ವಾಸನೆಗೋ ಏನೋ, ಸ್ವಲ್ಪ ಹೊತ್ತಿನಲ್ಲಿ ತಟ್ಟೆ ನೆಲದ ಮೇಲೆ ಸರಿದಾಡುವ ಸದ್ದು ಕೇಳಿಸಿತು. ಶ್ರೀಮತಿಯವರು ಅಂದು ಎರಡು ಸಲ ಸ್ನಾನ ಮಾಡಿದರು.

ಜುಲೈಯಲ್ಲಿ ನಾವಿಬ್ಬರೇ ಮರಳಿದೆವು. ಚೀಲವನ್ನು ಅಲ್ಲಿ ಇಡಲು ಜಾಗವಿರಲಿಲ್ಲವೆಂದು ನಮ್ಮೊಡನೆಯೇ ತಂದೆವು. ಹುಮನಾಬಾದದಲ್ಲಿ ಬಸ್ಸು ಹತ್ತಿದಾಗ ಅದೇ ಕಂಡಕ್ಟರ್. ಚೀಲ ನೋಡಿ ಟಿಕೆಟ್ ಯಂತ್ರ ಎತ್ತಿದವರು, ಬಾಗಿ ಜಾಳಿಗೆಯಲ್ಲಿ ಇಣುಕಿ, “ಎಲ್ಲಿ ಅದರಿ ನಮ್ಮ ಅರ್ಧ ಟಿಕೆಟ್?” ಎಂದು ಕೇಳಿದರು. ಸಸ್ತಾಪುರ ಬರುವವರೆಗೂ ಅವರಿಗೆ ಈ ಕಥೆಯನ್ನೇ ಹೇಳುತ್ತಿದ್ದೆವು.